ಕರೆಯುವ ಪದ

ಬಾಯಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ವಾಸಿಂ ಕೇಳಿ ಒಂಬತ್ತು ದಿನವಾಗಿತ್ತು. ಅನಂತರಾಜು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಇವತ್ತು ಕೊಡಲೇಬೇಕು. ನಾಳೆ ವಾಸಿಂ ಹೊರರಾಜ್ಯದ ಮೇಳಕ್ಕೆ ಹೊರಡುತ್ತಾನೆ. ಹೋದರೆ ಬರುವುದು ಒಂದು ತಿಂಗಳ ಮೇಲೆಯೇ.

ಪ್ರಶ್ನೆ ಬೊಂಬೆಯ ಬಾಯಿಯದು. ಅನಂತರಾಜು ಬರೆಯುತ್ತಿದ್ದ ಕಾದಂಬರಿಯ ಗಂಡಹೆಂಡಿರನ್ನು ಚನ್ನಪಟ್ಟಣದಲ್ಲಿ ವಾಸಿಂ ಮರದಲ್ಲಿ ಕಡೆಯುತ್ತಿದ್ದ. ಪುಸ್ತಕದ ಜೊತೆಗೆ ಎರಡು ಬೊಂಬೆ ಇಟ್ಟರೆ ಮಕ್ಕಳು ಆಸೆಪಟ್ಟು ಕೊಳ್ಳುತ್ತಾರೆ ಎಂದು ಪ್ರೆಸ್ಸಿನ ಜಯಕುಮಾರ್ ಹೇಳಿದ್ದ. ಕೊನೆಯ ಅಧ್ಯಾಯದಲ್ಲಿ ಗಂಡ ಹೆಂಡತಿಯನ್ನು ಕರೆಯುತ್ತಾನೆ. ಏನೆಂದು ಕರೆಯುತ್ತಾನೆ ಎಂದು ಗೊತ್ತಾದರೆ ಬಾಯಿಯ ಆಕಾರ ಗೊತ್ತಾಗುತ್ತದೆ, ಇಲ್ಲದಿದ್ದರೆ ಇಲ್ಲ ಎಂಬುದು ವಾಸಿಂನ ವಾದ. ವಾದ ಸರಿಯಾಗಿಯೇ ಇತ್ತು. ಸರಿಯಾದ ಮಾತುಗಳು ಇತ್ತೀಚೆಗೆ ಅನಂತರಾಜುವಿಗೆ ಕಿರಿಕಿರಿ ಮಾಡುತ್ತಿದ್ದವು.

ಹಾಲು ಕಾಯಿಸಿ, ಕಾಫಿ ಬೆರೆಸಿ, ಒಂದೇ ಲೋಟಕ್ಕೆ ಸೋಸಿದ. ಲೋಟ ಮೇಜಿನ ಮೇಲಿಟ್ಟು ಒಮ್ಮೆ ಕೆಮ್ಮಿದ. ಆಮೇಲೆ ಕುಡಿದ. ಕಾಫಿ ಚೆನ್ನಾಗಿತ್ತು.

"ಮೇಷ್ಟ್ರೇ, ಒಳಗಿದ್ದೀರಾ?"

ಕಾಂಪೌಂಡಿನ ಆಚೆ ಪಕ್ಕದ ಮನೆಯ ಸರಸಮ್ಮ. ಗೋಡೆಯ ಮೇಲೆ ಒಂದು ಸ್ಟೀಲ್ ಲೋಟ ಬಂದು ಕೂತಿತು.

"ತಗಳಿ, ಒಸಿ ಕಷಾಯ ಮಾಡಿವ್ನಿ. ಮೆಣಸು ಜಾಸ್ತಿ ಬಿದ್ದೋಯ್ತು. ಕಣ್ಮುಚ್ಕಂಡು ಕುಡ್ದುಬುಡಿ."

"ನನಗೇನೂ ಆಗಿಲ್ಲವಲ್ಲಮ್ಮ."

"ಆಗಿಲ್ಲ ಅಂದ್ಬುಟ್ರೆ ಆಯ್ತಾ? ದಿನಾ ಕೇಳುಸ್ತದೆ. ಕಾಫಿ ಟೈಮ್ಗೆ ಒಂದ್ಸಲ, ಊಟದ ಟೈಮ್ಗೆ ಒಂದ್ಸಲ, ದೀಪ ಹಚ್ಚೋ ಟೈಮ್ಗೆ ಒಂದ್ಸಲ. ಗಡಿಯಾರ ಹೊಡ್ದಂಗೆ ಕೆಮ್ತೀರಿ. ಎಕ್ಸ್‌ರೇ ತೆಗುಸ್ಬೇಕು ಅಂತಾವ್ರೆ ನಮ್ಮನೇರು."

"ಧೂಳು ಅಷ್ಟೇ."

"ಧೂಳು ಟೈಮ್ ನೋಡ್ಕಂಡು ಬತ್ತದಾ?"

ಉತ್ತರಕ್ಕೆ ಕಾಯದೆ ಸರಸಮ್ಮ ಒಳಗೆ ಹೋದಳು. ಅನಂತರಾಜು ಕಷಾಯವನ್ನು ಕುಡಿದೇ ಬಿಟ್ಟ. ಇಲ್ಲದ ರೋಗಕ್ಕೆ ಮದ್ದು ಕುಡಿಯುವುದರಲ್ಲಿ ನಷ್ಟವೇನೂ ಇರಲಿಲ್ಲ. ಗಂಟಲು ಹಿತವಾಗಿ ಉರಿಯಿತು.

ಅರವತ್ತನಾಲ್ಕು ವಯಸ್ಸು. ಮೂವತ್ತೊಂದು ವರ್ಷ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಹೇಳಿದ್ದ. ಆರು ವರ್ಷ ಚನ್ನಪಟ್ಟಣದಲ್ಲಿ, ಉಳಿದದ್ದು ರಾಮನಗರದಲ್ಲೇ. ಹೆಂಡತಿ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮಗಳು ಲತಾಮಣಿ ಕನಕಪುರದಲ್ಲಿ ಟೀಚರು. ಭಾನುವಾರ ಫೋನ್ ಮಾಡಿ, "ಊಟ ಆಯ್ತಾ, ಬಿಪಿ ಮಾತ್ರೆ ಆಯ್ತಾ, ನಿಮ್ಮ ಬಂಡೆಯೋರು ಹೇಗಿದಾರೆ?" ಎಂದು ಕೇಳುತ್ತಾಳೆ. ಚೆನ್ನಾಗಿದ್ದಾರೆ ಎನ್ನುತ್ತಾನೆ. ಸುಳ್ಳಲ್ಲ. ಅವರು ನಿಜಕ್ಕೂ ಚೆನ್ನಾಗಿದ್ದರು, ಇವನೂ ಚೆನ್ನಾಗಿದ್ದ.

ಬಂಡೆಯವರೆಂದರೆ ತೂಹರು. ಅವನ ಕಾದಂಬರಿಯಲ್ಲಿ ಸಾವನದುರ್ಗದ ಬಂಡೆಯೊಳಗೆ ಬದುಕುವ ಜನ. ಮಾಗಡಿ ಕಡೆಯಿಂದ ನೋಡಿದರೆ ಒಂದೇ ಕಲ್ಲಾಗಿ ಕಾಣುವ ಆ ಬೆಟ್ಟ ಒಳಗೆ ಟೊಳ್ಳು. ಟೊಳ್ಳಿನಲ್ಲಿ ಒಂದು ಊರು. ಊರಿಗೆ ಒಂದು ಭಾಷೆ. ಊರನ್ನು ಅವನು ಹತ್ತು ದಿನದಲ್ಲಿ ಕಟ್ಟಿದ್ದ. ಭಾಷೆಗೆ ಒಂದು ವರ್ಷ ಹಿಡಿಯಿತು.

ಶುರುವಾದದ್ದು ತಿಥಿಯ ಊಟ ಮುಗಿದು ನೆಂಟರೆಲ್ಲ ಹೊರಟ ಮಾರನೆಯ ವಾರ. ಮನೆಯಲ್ಲಿ ಆಡಲು ಮಾತಿರಲಿಲ್ಲ. ಕೇಳುವವರಿಲ್ಲದ ಮೇಲೆ ಯಾವ ಭಾಷೆಯಾದರೇನು ಎಂದುಕೊಂಡು ಒಂದು ಹೊಸ ಪದ ಮಾಡಿದ. 'ಇಸೆ' ಎಂದರೆ ನೀರು. ನಲ್ಲಿ ಬಿಟ್ಟು, "ಇಸೆ" ಎಂದ. ನೀರು ಬಂತು. ಆ ದಿನ ಎಷ್ಟೋ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಅಂದಿನಿಂದ ದಿನಕ್ಕೆ ಎರಡು ಪದ. ಹಳೆಯ ಶಿಷ್ಯರ ಮದುವೆ ಕರೆಯೋಲೆಗಳನ್ನು ಚೌಕವಾಗಿ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ದೇವರ ಕೋಣೆಯ ಗೂಡಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಸಿಕ್ಕಿದ್ದ ಬೆರಳುದ್ದದ ಮೋಟು ಪೆನ್ಸಿಲು ಅದು. ಅಲ್ಲಿ ಅದು ಏಕಿತ್ತೆಂದು ಅವನು ಯೋಚಿಸಿರಲಿಲ್ಲ. ಚೀಟಿಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಈಗ ಆರುನೂರ ಹನ್ನೆರಡು.

'ಲೂನ' ಎಂದರೆ ಕಲ್ಲಿನ ಬಿರುಕಿನಿಂದ ಇಳಿಯುವ ಬೆಳಕು. 'ಕಿರ್ಹ' ಎಂದರೆ ಬೆರಳು. ಕತ್ತಲಲ್ಲಿ ಬದುಕುವವರಿಗೆ ಬೆರಳೇ ಕಣ್ಣಾದ್ದರಿಂದ ಕಣ್ಣಿಗೂ ಅದೇ ಪದ. ಹಗಲೆಲ್ಲ ಕಾದ ಬಂಡೆ ಸಂಜೆ ತಣಿಯುವಾಗ ಆಗುವ ಸದ್ದಿಗೆ ನಾಲ್ಕು ಪದ ಇದ್ದವು. ನಾಲ್ಕೂ ಬೇರೆ ಬೇರೆ ಸದ್ದು. ಬೆಳಿಗ್ಗೆ ಎದ್ದು ತೂಹರು ಒಬ್ಬರಿಗೊಬ್ಬರು "ಇಸೆ ಲೂನ ನೀಹೆ" ಎನ್ನುತ್ತಾರೆ. ನೀರಿಗೆ ಬೆಳಕು ಬಂತು ಎಂದರ್ಥ. ಅನಂತರಾಜುವೂ ಎದ್ದ ಕೂಡಲೇ ಹಾಗೆನ್ನುತ್ತಿದ್ದ. ಆಮೇಲೆ ದೇವರಿಗೆ ಕೈಮುಗಿಯುತ್ತಿದ್ದ. ಒಂದಕ್ಕೊಂದು ಅಡ್ಡಿಯಾಗಿರಲಿಲ್ಲ.

ಅಡ್ಡಿಯಾದದ್ದು ಕೊನೆಯ ಅಧ್ಯಾಯ. ಬಿರುಕೊಂದರಲ್ಲಿ ಕಲ್ಲು ಕುಸಿದು ಹೆಂಡತಿ ಆಚೆ ಬದಿಗೆ ಸಿಕ್ಕಿಕೊಂಡಿದ್ದಾಳೆ. ಈಚೆ ಬದಿಯಿಂದ ಗಂಡ ಕರೆದರೆ ಆ ದನಿಯನ್ನು ಹಿಡಿದು ಬಂದಾಳು. ಅವಳಿಗೆ ದಾರಿ ತೋರುವುದು ಅದೊಂದೇ. ಅನಂತರಾಜು ಇಲ್ಲಿಯವರೆಗೆ ಬರೆದು ಡಬ್ಬಿ ತೆರೆದ. ಒಂದೊಂದೇ ಚೀಟಿ ತೆಗೆದು ನೋಡಿದ. ಆರುನೂರ ಹನ್ನೆರಡು ಪದಗಳಲ್ಲಿ ಒಬ್ಬರನ್ನು ಕರೆಯುವ ಪದ ಒಂದೂ ಇರಲಿಲ್ಲ. ಅವನ ತೂಹರಿಗೆ ಹೆಸರೂ ಇರಲಿಲ್ಲ. ಬೆರಳು, ನೀರು, ನಾಲ್ಕು ಬಗೆಯ ಸದ್ದು ಎಲ್ಲ ಇಟ್ಟಿದ್ದ, ಇದನ್ನು ಮರೆತಿದ್ದ. ಮರೆತಿದ್ದನೆಂದೇ ಅಂದುಕೊಂಡ. ಒಂದು ಪದ ಮಾಡುವುದು ಎಷ್ಟರ ಕೆಲಸ? ಕೂತ. ಒಂಬತ್ತು ದಿನ ಕೂತ.

ಶನಿವಾರವಾದ್ದರಿಂದ ಕೆಂಗಲ್ಲಿನಲ್ಲಿ ಇಳಿದು, ಆಂಜನೇಯನಿಗೆ ಕೈಮುಗಿದು, ಅಲ್ಲಿಂದ ಚನ್ನಪಟ್ಟಣಕ್ಕೆ ಹೋಗುವುದೆಂದು ತೀರ್ಮಾನಿಸಿ ಬಸ್ ಹತ್ತಿದ. ಕಿಟಕಿ ಪಕ್ಕ ಜಾಗ ಸಿಕ್ಕಿತು. ಗಾಳಿ ಚೆನ್ನಾಗಿತ್ತು. ಹೊಸ ಹೆದ್ದಾರಿ ಬಂದ ಮೇಲೆ ಹಳೆಯ ಮೈಸೂರು ರಸ್ತೆಗೆ ವಯಸ್ಸಾದವರ ನಿಧಾನ ಬಂದಿತ್ತು. ಅದೂ ಅವನಿಗೆ ಒಪ್ಪಿಗೆಯೇ.

ಪ್ರತಿ ಶನಿವಾರ ಅವನ ಹೆಂಡತಿ ಈ ಗುಡಿಗೆ ಬರುತ್ತಿದ್ದಳು, ಒಬ್ಬಳೇ. ಶಾಲೆಯ ದಿನಗಳಲ್ಲಿ ಅವನಿಗೆ ಬಿಡುವಿರಲಿಲ್ಲ. ನಿವೃತ್ತಿಯ ಮೇಲೆ ಅಭ್ಯಾಸವಿರಲಿಲ್ಲ. ಈಗ ಅವಳ ಬದಲು ಬರುತ್ತಾನೆ. ಹಣ್ಣುಕಾಯಿಯ ತಟ್ಟೆ ಕೊಟ್ಟ. ಅರ್ಚಕರು ತೆಗೆದುಕೊಂಡರು.

"ಯಾರ ಹೆಸರಲ್ಲಿ ಮೇಷ್ಟ್ರೇ?"

"ದೇವರ ಹೆಸರಲ್ಲೇ ಮಾಡಿ."

"ಪ್ರತಿ ವಾರ ದೇವರ ಹೆಸರಲ್ಲೇ ಮಾಡಿಸ್ತೀರಿ. ದೇವರಿಗೇನು ಕಡಿಮೆ ಆಗಿದೆ? ನಿಮ್ಮ ಹೆಸರು ಹೇಳಿ. ಇಲ್ಲ, ಮಗಳ ಹೆಸರು ಹೇಳಿ."

"ಇರಲಿ, ದೇವರ ಹೆಸರಲ್ಲೇ ಆಗಲಿ."

ಅರ್ಚಕರು ನಕ್ಕರು. "ಗಂಡ ಹೆಂಡತಿ ಇಬ್ಬರೂ ಸರಿಯಾಗಿದೀರಿ. ಅಮ್ಮ ಇದ್ದಾಗ ಚೀಟಿ ಕೊಡೋರು."

"ಏನು ಚೀಟಿ?"

"ನಿಮ್ಮ ಹೆಸರು ಬರೆದ ಚೀಟಿ. ಹೆಸರು, ನಕ್ಷತ್ರ, ರಾಶಿ. ಬಾಯಲ್ಲಿ ಹೇಳ್ತಿರಲಿಲ್ಲ. ಅಷ್ಟು ಸಣ್ಣ ಕಾಗದ, ಕ್ಯಾಲೆಂಡರಿಂದ ಹರಿದದ್ದು. ನಾನು ಓದಿ, ಅರ್ಚನೆ ಮಾಡಿ, ಹೂವಿನ ಜೊತೆ ವಾಪಸ್ ಕೊಡಬೇಕು. ಇನ್ನೊಬ್ಬರ ಕಾಲಿಗೆ ಸಿಕ್ಕಬಾರದು ಅಂತ. ನಿಮಗೆ ಗೊತ್ತಿಲ್ವೇ?"

"ಗೊತ್ತು" ಎಂದ ಅನಂತರಾಜು.

ಗೊತ್ತಿರಲಿಲ್ಲ. ತೀರ್ಥ ತೆಗೆದುಕೊಂಡು ಹೊರಗೆ ಬಂದು ಚಪ್ಪಲಿ ಹುಡುಕಿದ. ಗೂಡಿನಲ್ಲಿದ್ದ ಮೋಟು ಪೆನ್ಸಿಲು ಯಾತಕ್ಕೆ ಅಲ್ಲಿತ್ತೆಂದು ಚಪ್ಪಲಿ ಸಿಕ್ಕ ಹೊತ್ತಿಗೆ ತಿಳಿಯಿತು. ವಾರಕ್ಕೆ ಒಂದು ಸಲ ಅವಳು ಅವನ ಹೆಸರು ಬರೆಯುತ್ತಿದ್ದಳು, ಅವನು ಮನೆಯಲ್ಲೇ ಇದ್ದಾಗ, ಗೋಡೆಯ ಆಚೆ ಕೂತು. ಅದೇ ಪೆನ್ಸಿಲಿನಲ್ಲಿ ಅವನು ತೂಹರ ನೀರನ್ನು, ಬೆಳಕನ್ನು ಬರೆದ. ಇದರಲ್ಲಿ ದುಃಖಪಡುವಂಥದ್ದು ಏನೂ ಇಲ್ಲ ಎಂದುಕೊಂಡ. ಒಂದು ಪೆನ್ಸಿಲು ಎರಡು ಕೆಲಸಕ್ಕೆ ಆಯಿತು. ಬಸ್ಸು ಬಂತು.

ವಾಸಿಂನ ಮನೆಯ ಮುಂದಿನ ಶೆಡ್ಡೇ ಅವನ ಕಾರ್ಖಾನೆ. ಅರಗಿನ ವಾಸನೆ, ಹಸಿ ಮರದ ವಾಸನೆ, ನೆಲದ ಮೇಲೆ ಪಾದ ಮುಳುಗುವಷ್ಟು ಮರದ ಪುಡಿ. ಒಳಗಡೆ ವಾಸಿಂನ ಅಪ್ಪ ಅಮೀರ್ ಸಾಹೇಬರು ಮರ ಕಡೆಯುವ ಮೋಟಾರಿನ ಮುಂದೆ ಬೆನ್ನು ಬಾಗಿಸಿ ಕೂತಿದ್ದರು. ನಲವತ್ತು ವರ್ಷ ಅದರ ಸದ್ದಿನಲ್ಲಿ ಕೂತು ಅವರ ಕಿವಿ ಹೋಗಿತ್ತು.

"ಬನ್ನಿ ಸಾರ್, ಬನ್ನಿ" ಎಂದ ವಾಸಿಂ. ಮೂವತ್ತೈದರ ಗಂಡಸು, ಹೈಸ್ಕೂಲಿನಲ್ಲಿ ಅನಂತರಾಜುವಿನ ಕೈಯಲ್ಲಿ ವಿಜ್ಞಾನಕ್ಕೆ ಎರಡು ಸಲ ಫೇಲಾಗಿದ್ದ. "ಒಂಬತ್ತು ದಿನದಿಂದ ನಿಮ್ಮ ಗಂಡಸು ಬಾಯಿಲ್ದೆ ಕೂತವ್ನೆ. ಪಾಪ, ಊಟ ಹೆಂಗ್ ಮಾಡ್ತಾನೆ?"

ಎರಡು ಬೊಂಬೆಯನ್ನೂ ಹಲಗೆಯ ಮೇಲೆ ಇಟ್ಟ. ಗೇಣುದ್ದ, ಕೈಕಾಲಿಲ್ಲದ ಉರುಟು ಮೈ, ಮೇಲೆ ಗುಂಡು ತಲೆ. ಹೆಣ್ಣು ಬೊಂಬೆ ಮುಗಿದಿತ್ತು. ಕಲ್ಲಿನ ಬಣ್ಣದ ಮೈ, ಅರೆಮುಚ್ಚಿದ ಕಣ್ಣು, ಒಂದು ಸಣ್ಣ ಕೆಂಪು ಗೆರೆಯಷ್ಟು ಬಾಯಿ. ಯಾರದೋ ಮಾತು ಕೇಳಿಸಿಕೊಳ್ಳುತ್ತಿರುವ ಮುಖ. ಗಂಡಿಗೆ ಕಣ್ಣು, ಹುಬ್ಬು, ಮೂಗು ಇದ್ದವು. ಮೂಗಿನ ಕೆಳಗೆ ಬರಿಯ ಹಳದಿ ಅರಗು ಹೊಳೆಯುತ್ತಿತ್ತು.

"ಚೆನ್ನಾಗಿ ಬಂದಿದೆ" ಎಂದ ಅನಂತರಾಜು. ಸಂತೋಷದಿಂದಲೇ ಅಂದ.

"ಏನ್ ಚೆನ್ನಾಗಿದೆ ಸಾರ್? ಅರ್ಧ ಆಗಿದೆ. ಇವ್ನು ಏನಂತ ಕರೀತಾನೆ, ಅದ್ ಹೇಳಿ. ಆ ಅಂದ್ರೆ ದೊಡ್ಡ ಗುಂಡು. ಈ ಅಂದ್ರೆ ಅಗಲ. ಊ ಅಂದ್ರೆ ಚುಕ್ಕಿ ಇಟ್ರೆ ಆಯ್ತು. ಒಂದೇ ನಿಮಿಷದ ಕೆಲ್ಸ. ಇನ್ನೊಂದು, ಡಬ್ಬಿ ಮೇಲೆ ಹೆಸ್ರು ಹಾಕ್ಬೇಕು. ಈ ಯಮ್ಮನ ಹೆಸ್ರೇನು?"

"ಅವರಿಗೆ ಹೆಸರಿಲ್ಲ."

"ಹೆಸ್ರಿಲ್ವಾ?"

"ಅವರ ಪದ್ಧತಿ ಹಾಗೆ."

ವಾಸಿಂ ತಲೆ ಕೆರೆದುಕೊಂಡ. "ಭಾಷೆ ಮಾಡಿದೀನಿ ಅಂದ್ರಿ. ಆರ್ನೂರು ಮಾತಿದೆ ಅಂದ್ರಿ. ಹೆಂಡ್ತಿಗೊಂದು ಹೆಸ್ರು ಇಡಕ್ಕೆ ಆಗ್ಲಿಲ್ವಾ ಸಾರ್?"

ಅಷ್ಟರಲ್ಲಿ ಅವನ ತಾಯಿ ಅಖ್ತರಿ ಚಹಾದ ತಟ್ಟೆ ಹಿಡಿದು ಬಂದಳು. ಇವನ ಕೈಗೊಂದು ಲೋಟ, ಮಗನಿಗೊಂದು. ಮೂರನೆಯದನ್ನು ಹಲಗೆಯ ಮೇಲಿಟ್ಟು ಬಗ್ಗಿ, ನೆಲದಿಂದ ಒಂದು ಮರದ ಚೂರು ಆರಿಸಿಕೊಂಡಳು. ಗುರಿ ಹಿಡಿದು ಗಂಡನ ಬೆನ್ನಿಗೆ ಎಸೆದಳು. ಚೂರು ಸರಿಯಾಗಿ ಎರಡು ಭುಜದ ನಡುವೆ ಬಿತ್ತು. ಅಮೀರ್ ಸಾಹೇಬರು ಬೆಚ್ಚಲಿಲ್ಲ. ನಿಧಾನವಾಗಿ ತಿರುಗಿ, ಚಹಾ ನೋಡಿ, ತಲೆಯಾಡಿಸಿ, ಮತ್ತೆ ಕೆಲಸಕ್ಕೆ ತಿರುಗಿದರು.

ಅನಂತರಾಜು ಕಣ್ಣರಳಿಸಿ ನೋಡುತ್ತಿದ್ದ.

"ಕಿವಿ ಕೇಳ್ಸಲ್ಲ ಮೇಷ್ಟ್ರೇ" ಎಂದಳು ಅಖ್ತರಿ. "ಮುಂಚೆ 'ಅಜೀ' ಅಂತಿದ್ದೆ. ಈಗ ಕೂಗಿದ್ರೆ ಬೀದಿಯೋರೆಲ್ಲಾ ಬರ್ತಾರೆ, ಇವ್ರು ಮಾತ್ರ ಬರಲ್ಲ. ಅದ್ಕೆ ಚೂರು."

"ಅಮ್ಮಿ ಸಿಟ್ಟಲ್ಲಿದ್ರೆ ಚೂರು ದಪ್ಪ ಆಗತ್ತೆ ಸಾರ್" ಎಂದ ವಾಸಿಂ.

"ಬಾಯ್ಮುಚ್ಚೋ."

"ಹೆಸರು ಹಿಡಿದು ಕರೆಯಲ್ವಾ?" ಎಂದು ಅನಂತರಾಜು ಕೇಳಿದ.

"ತೌಬಾ! ಗಂಡನ ಹೆಸ್ರು ಯಾರಾದ್ರೂ ಹಿಡೀತಾರಾ?" ಅವಳು ಕೆನ್ನೆ ಮುಟ್ಟಿಕೊಂಡಳು. "ಅವ್ರೂ ನನ್ನ ಹೆಸ್ರು ಹಿಡ್ದಿಲ್ಲ. ವಾಸಿಂ ಹುಟ್ಟೋ ಮುಂಚೆ ಏನೂ ಅಂತಿರ್ಲಿಲ್ಲ. ಹುಟ್ಟಿದ್ ಮೇಲೆ 'ವಾಸಿಂ ಅಮ್ಮಾ' ಅಂದ್ರು. ನೀವು ಹೆಂಗ್ ಕರೀತಿದ್ರಿ, ನಿಮ್ಮನೇರ್ನ?"

"ಕೆಮ್ಮುತ್ತಿದ್ದೆ."

ಅಖ್ತರಿ ಸೆರಗು ಬಾಯಿಗಿಟ್ಟು ನಕ್ಕಳು. ವಾಸಿಂ ಚಹಾ ಚೆಲ್ಲಿಕೊಂಡ. ಅನಂತರಾಜುವೂ ನಕ್ಕ. ಹೇಳಿಬಿಟ್ಟದ್ದು ಹಗುರವಾಗಿತ್ತು.

ನಿಜವಾದ ಸಂಗತಿ ಅದು. ಮದುವೆಯಾದ ಹೊಸತರಲ್ಲಿ ಮನೆಯಲ್ಲಿ ಅವನ ತಾಯಿ ಇದ್ದಳು. ತಾಯಿಯ ಎದುರಿಗೆ ಹೆಂಡತಿಯ ಹೆಸರು ಹಿಡಿದು ಕರೆಯುವ ಗಂಡಸನ್ನು ಆ ಬೀದಿ ಕಂಡಿರಲಿಲ್ಲ. ನಡುಮನೆಯಲ್ಲಿ ಕೂತು ಒಮ್ಮೆ ಕೆಮ್ಮಿದ. ಒಳಗಿನಿಂದ ನೀರು ಬಂತು. ಎರಡನೆಯ ದಿನ ಕೆಮ್ಮಿದಾಗ ಕಾಫಿ ಬಂತು. ಯಾವ ಕೆಮ್ಮಿಗೆ ಏನು ತರಬೇಕೆಂದು ಅವಳಿಗೆ ಹೇಗೋ ತಿಳಿಯುತ್ತಿತ್ತು. ಒಂಬತ್ತು ವರ್ಷದ ಮೇಲೆ ತಾಯಿ ಹೋದಳು. ಆಗ ಕರೆಯಬಹುದಿತ್ತು. ಆದರೆ ಒಂಬತ್ತು ವರ್ಷ ಕರೆಯದ ಹೆಸರನ್ನು ಒಂದು ಬೆಳಿಗ್ಗೆ ಹಠಾತ್ತನೆ ಕರೆಯುವುದು ಹೇಗೆ? ಅವಳು ಗಾಬರಿಯಾದಾಳು. ಹಾಗೆಯೇ ಇರಲಿ ಎಂದುಕೊಂಡ. ಹೀಗೆ ಮೂವತ್ತಾರು ವರ್ಷ. ಅವಳಿಗೆ ಅವನು 'ಏನಂದ್ರೆ', ಬೇರೆಯವರೆದುರು 'ನಮ್ಮ ಮೇಷ್ಟ್ರು'. ಅವನಿಗೆ ಅವಳು ಕೆಮ್ಮು, ಬೇರೆಯವರೆದುರು 'ನಮ್ಮನೇಲಿ'. ಸಂಸಾರಕ್ಕೆ ಯಾವ ಕೊರತೆಯೂ ಆಗಿರಲಿಲ್ಲ.

"ಆಯ್ತು ಬಿಡಿ, ಸಿಕ್ತಲ್ಲ" ಎಂದ ವಾಸಿಂ, ಕಣ್ಣೊರೆಸಿಕೊಳ್ಳುತ್ತ. "ನಿಮ್ಮ ಗಂಡಸೂ ಕೆಮ್ಮಲಿ."

"ಇಲ್ಲ. ಕಲ್ಲು ಕುಸಿದಿದೆ. ಆಚೆ ಕಡೆ ಅವಳಿದಾಳೆ. ಕೆಮ್ಮು ಅಷ್ಟು ದೂರ ಕೇಳಲ್ಲ."

"ಹಂಗಾದ್ರೆ ಕೂಗ್ಲೇಬೇಕು."

"ಕೂಗಲೇಬೇಕು."

"ಕೂಗ್ಲಿಲ್ಲ ಅಂದ್ರೆ ಯಮ್ಮ ಬರಲ್ವಾ?"

"ಬರಲ್ಲ."

ಅಖ್ತರಿ ನಗು ನಿಲ್ಲಿಸಿ ಅವನನ್ನೇ ನೋಡಿದಳು. ವಾಸಿಂ ಗಂಡು ಬೊಂಬೆಯನ್ನು ಎಡಗೈಯಲ್ಲಿ ಹಿಡಿದ. ಬಲಗೈಯಲ್ಲಿ ತೆಳ್ಳನೆಯ ಕುಂಚ ತೆಗೆದುಕೊಂಡು ಕೆಂಪಿನಲ್ಲಿ ಅದ್ದಿದ.

"ಸಾರ್, ಹಿಂಗ್ ಮಾಡಣ. ಈ ಭಾಷೆಗೆ ಯಜಮಾನ್ರು ನೀವೇ. ನೀವೇ ಕರ್ದು ತೋರ್ಸಿ. ಏನ್ ಬಾಯಿಗೆ ಬರ್ತದೋ ಅದು. ನಿಮ್ಮ ಬಾಯಿ ನೋಡ್ಕಂಡು ಹಂಗೇ ಬರೀತೀನಿ. ನಮ್ಮ ಅಬ್ಬಾನ ಕೆಲ್ಸನೂ ಹಂಗೇ. ಹಸು ಮಾಡ್ಬೇಕಾದ್ರೆ ಹಸು ನೋಡ್ಕಂಡು ಬರ್ತಿದ್ರು."

ಅಖ್ತರಿ ಇನ್ನೊಂದು ಚೂರು ಎಸೆದು ಗಂಡನಿಗೆ ಸನ್ನೆ ಮಾಡಿದಳು. ಮೋಟಾರು ನಿಂತಿತು. ಅದರ ಸದ್ದು ಇಷ್ಟು ಹೊತ್ತು ಇತ್ತೆಂದು ಅನಂತರಾಜುವಿಗೆ ತಿಳಿದದ್ದೇ ಈಗ. ಶೆಡ್ಡಿನಲ್ಲಿ ಮೂವರೂ ಅವನ ಬಾಯಿಯನ್ನು ನೋಡುತ್ತಿದ್ದರು. ಕಿವಿ ಕೇಳದ ಅಮೀರ್ ಸಾಹೇಬರು ಎಲ್ಲರಿಗಿಂತ ಗಮನವಿಟ್ಟು ನೋಡುತ್ತಿದ್ದರು.

ಅನಂತರಾಜು ಚಹಾದ ಲೋಟ ಕೆಳಗಿಟ್ಟ. ಹೆಣ್ಣು ಬೊಂಬೆಯ ಕಡೆಗೆ ತಿರುಗಿದ. ಬಾಯಿ ತೆರೆದ.

ಆಸ್ಪತ್ರೆಯಲ್ಲೂ ಹೀಗೇ ಮೂವರು ಇದ್ದರು. ಮಗಳು, ಡಾಕ್ಟರು, ನರ್ಸು. ಹನ್ನೊಂದನೆಯ ದಿನ. ನರ್ಸು ಚಿಕ್ಕ ವಯಸ್ಸಿನವಳು. ಅವಳು ಮಲಗಿದ್ದವಳ ಕೆನ್ನೆ ತಟ್ಟಿ, "ರಾಧಾಮಣಿಯವರೇ, ರಾಧಾಮಣಿಯವರೇ" ಎಂದು ಕೂಗಿದಳು. ಎಷ್ಟು ಸುಲಭವಾಗಿ ಕೂಗಿದಳು! ಆ ಹೆಸರು ಕೇಳಿ ಅನಂತರಾಜುವಿಗೆ ಬೇರೆ ಯಾರೋ ಹೆಂಗಸನ್ನು ಕರೆಯುತ್ತಿದ್ದಾರೆ ಅನ್ನಿಸಿತು. ನರ್ಸು ಅವನ ಕಡೆ ತಿರುಗಿದಳು. "ನೀವು ಕರೀರಿ ಸಾರ್. ಹೆಸರು ಹಿಡಿದು ಕರೀರಿ. ಗಂಡನ ದನಿ ಆದ್ರೆ ಗೊತ್ತಾಗತ್ತೆ, ಕಣ್ಣು ಬಿಡಬಹುದು." ಅವನು ಹಾಸಿಗೆಯ ಹತ್ತಿರ ಬಗ್ಗಿದ. ಎಲ್ಲರೂ ಕಾದರು. ಹೆಸರು ನಾಲಗೆಯವರೆಗೆ ಬಂತು. ನಾಲಗೆಗೆ ಅದರ ರುಚಿಯೇ ತಿಳಿಯಲಿಲ್ಲ. ಅವನು ಕೆಮ್ಮಿದ.

"ಕೆಮ್ಮಿದ್ರೆ ಮಾಸ್ಕ್ ಹಾಕ್ಕೊಳಿ ಸಾರ್" ಎಂದಿದ್ದಳು ನರ್ಸು. "ಪೇಷೆಂಟಿಗೆ ಇನ್ಫೆಕ್ಷನ್ ಆಗತ್ತೆ."

ಹೆಂಡತಿಯ ಕಿರುಬೆರಳು ಅಲುಗಿತ್ತು. ಅಲುಗಿತ್ತೆಂದು ಅವನೊಬ್ಬನೇ ಕಂಡದ್ದು. ಕೇಳಿದ್ದಕ್ಕೆ ಅಲುಗಿತೋ, ಇನ್ನೂ ಬೇರೆ ಏನಾದರೂ ಕರೆಯುತ್ತಾನೆಂದು ಕಾದು ಅಲುಗಿತೋ.

"ಸಾರ್, ಬಣ್ಣ ಒಣಗ್ತದೆ" ಎಂದ ವಾಸಿಂ.

ಅನಂತರಾಜು ಕೆಮ್ಮಿದ.

ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಶಾಲೆಯಲ್ಲಿ ಮೂವತ್ತೊಂದು ವರ್ಷ ಅವನೇ ಮಕ್ಕಳಿಗೆ ಹೇಳಿಕೊಟ್ಟ ಪಾಠ. ಕೈ ತಾನಾಗಿಯೇ ಮೇಲೆ ಬಂದಿತ್ತು.

"ಕೈ ಅಡ್ಡ ಬಂತು ಸಾರ್" ಎಂದ ವಾಸಿಂ, ಕುಂಚ ಹಿಡಿದುಕೊಂಡೇ. "ಬಾಯಿ ಕಾಣ್ಲಿಲ್ಲ. ಇನ್ನೊಂದ್ಸಲ."

"ಸಾಕು ಬಿಡೋ" ಎಂದಳು ಅಖ್ತರಿ ಮೆಲ್ಲಗೆ.

"ಅಲ್ಲ ಅಮ್ಮಿ, ಒಂದೇ ನಿಮಿಷ. ಸಾರ್, ಕೈ ಕೆಳ್ಗೆ."

"ಬೇಡ ವಾಸಿಂ" ಎಂದ ಅನಂತರಾಜು. ಅವನ ದನಿ ಎಂದಿನಂತೆಯೇ ಇತ್ತು. "ಹಾಗೇ ಇರಲಿ. ಬಾಯಿ ಇಲ್ಲದೆಯೇ ಚೆನ್ನಾಗಿದೆ. ಓದುವವರು ಅವರವರ ಬಾಯಿ ಊಹಿಸಿಕೊಳ್ಳಲಿ."

"ಮಕ್ಕಳು ಕೇಳ್ತಾರೆ ಸಾರ್."

"ಕೇಳಲಿ."

ವಾಸಿಂ ತಾಯಿಯ ಮುಖ ನೋಡಿದ. ಕುಂಚವನ್ನು ಬಟ್ಟೆಗೆ ಒರೆಸಿದ. ಬಟ್ಟೆಯ ಮೇಲೆ ಒಂದು ಕೆಂಪು ಗೆರೆ ಉಳಿಯಿತು. ಬೊಂಬೆಯನ್ನು ಅಪ್ಪನ ಕೈಗೆ ಕೊಟ್ಟ. ಅಮೀರ್ ಸಾಹೇಬರು ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಮೋಟಾರು ತಿರುಗಿಸಿ, ತಾಳೆಗರಿಯ ಚೂರೊಂದನ್ನು ಅದರ ಮುಖದ ಕೆಳಭಾಗಕ್ಕೆ ಒತ್ತಿ ಹಿಡಿದರು. ಗರಿ ಉಜ್ಜಿದಷ್ಟೂ ಅರಗಿಗೆ ಹೊಳಪು ಬರುತ್ತದೆ. ಬಾಯಿ ಇರಬೇಕಾದ ಜಾಗ ಕನ್ನಡಿಯಾಯಿತು.

"ಒಂದು ಮಾತು ಮೇಷ್ಟ್ರೇ" ಎಂದಳು ಅಖ್ತರಿ, ಅವನು ಹೊರಟಾಗ. "ನನ್ನ ಹೆಸ್ರು ಇವ್ರು ಹಿಡ್ದಿಲ್ಲ ಅಂದ್ನಲ್ಲ. ಒಂದ್ಸಲ ಹಿಡಿದ್ರು. ನಂಗೆ ಟೈಫಾಯ್ಡ್ ಜ್ವರ ಬಂದಾಗ, ಬಾಯ್ ತಪ್ಪಿ. ನಾನೂ ಕೇಳಿಸ್ಕಂಡೆ, ಕೇಳಿಸ್ದೇ ಇರೋರಂಗೆ ಇದ್ಬಿಟ್ಟೆ."

"ಏಕೆ?"

"ನಾಚ್ಕೆ ಆಯ್ತು" ಎಂದು ಅಖ್ತರಿ ನಕ್ಕು ಒಳಗೆ ಹೋದಳು.

ಬಸ್ಸಿನಲ್ಲಿ ಮತ್ತೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಎರಡು ಬೊಂಬೆ. ಹಳ್ಳ ದಾಟಿದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಟಕ್ಕೆನ್ನುತ್ತಿದ್ದವು. ತಣಿಯುವ ಬಂಡೆಯ ಎರಡನೆಯ ಸದ್ದಿಗೆ ಅದು ಹತ್ತಿರವಾಗಿದೆ ಎಂದು ಅನಂತರಾಜು ಗಮನಿಸಿದ. ಆ ಸದ್ದಿಗೆ ಪದವಿತ್ತು. ಪದ ಇದ್ದದ್ದು ಸಮಾಧಾನವೆನಿಸಿತು. ಪಕ್ಕದಲ್ಲಿ ಕೂತ ರೈತ, "ಏನ್ ಬುದ್ಧಿ, ಬೊಂಬೇನಾ? ಮೊಮ್ಮಕ್ಕಳ್ಗಾ?" ಎಂದು ಕೇಳಿದ. ಹೌದು ಎಂದ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು. ರೈತ ಖುಷಿಯಾಗಿ ತಲೆಯಾಡಿಸಿದ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕೈಕಾಲು ತೊಳೆದು, ದೇವರ ಕೋಣೆಯಲ್ಲಿ ಹಣತೆಗೆ ಎಣ್ಣೆ ಹೊಯ್ದು ದೀಪ ಹಚ್ಚಿದ. ಕುಂಕುಮದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಗೂಡಿನಲ್ಲಿ ಎರಡು ಬೊಂಬೆಗಳನ್ನೂ ನಿಲ್ಲಿಸಿದ. ಬೇರೆ ಜಾಗವಿರಲಿಲ್ಲವೆಂದೇನಲ್ಲ. ಬಿಸ್ಕತ್ತಿನ ಡಬ್ಬಿ ತಂದು ಕೂತು ಒಂದು ಖಾಲಿ ಚೀಟಿ ತೆಗೆದ. ಅದರ ಇನ್ನೊಂದು ಮಗ್ಗುಲಲ್ಲಿ ಯಾರದೋ ಮದುವೆಗೆ ಬಂಗಾರದ ಅಕ್ಷರದಲ್ಲಿ ಸಕುಟುಂಬ ಸಪರಿವಾರ ಬರಬೇಕೆಂದಿತ್ತು.

ಮೋಟು ಪೆನ್ಸಿಲು ಹಿಡಿದ. ಆರುನೂರ ಹದಿಮೂರು ಎಂದು ಬರೆದ. ಅಂಕಿಯ ಮುಂದೆ ಪೆನ್ಸಿಲಿನ ಮೊನೆ ಇಟ್ಟು ಬಹಳ ಹೊತ್ತು ಕೂತ. ಮೊನೆ ಇದ್ದಲ್ಲಿ ಒಂದು ಚುಕ್ಕಿ ಮೂಡಿತು. ಊ ಅಂದರೆ ಚುಕ್ಕಿ ಇಟ್ಟರೆ ಆಯಿತು ಎಂದು ವಾಸಿಂ ಹೇಳಿದ್ದ.

"ಏನ್ ಮೇಷ್ಟ್ರೇ" ಎಂದು ಕಾಂಪೌಂಡಿನಾಚೆಯಿಂದ ಸರಸಮ್ಮನ ದನಿ ಬಂತು. "ದೀಪ ಹಚ್ಚುದ್ರಿ, ಕೆಮ್ಮೇ ಕೇಳುಸ್ನಿಲ್ಲ? ವಾಸಿ ಆಯ್ತಾ?"

ಆಗಲೇ ಅವನಿಗೂ ಗೊತ್ತಾಯಿತು. ಇವತ್ತು ದೀಪ ಹಚ್ಚಿ ಅವನು ಕೆಮ್ಮಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ.

"ವಾಸಿ ಆಯ್ತಮ್ಮ" ಎಂದ.

"ನೋಡುದ್ರಾ? ಮೆಣಸು ಜಾಸ್ತಿ ಬಿದ್ದಿದ್ದೇ ಒಳ್ಳೇದಾಯ್ತು. ನಾಳೀಕೂ ಒಸಿ ಮಾಡ್ತೀನಿ, ಬುಡ್ಬಾರ್ದು."

ಸರಸಮ್ಮನ ಬಾಗಿಲು ಹಾಕಿದ ಸದ್ದಾಯಿತು. ಅನಂತರಾಜು ತಲೆಯೆತ್ತಿ ಗೂಡಿನ ಕಡೆ ನೋಡಿದ. ಹೆಣ್ಣು ಬೊಂಬೆ ಅರೆಮುಚ್ಚಿದ ಕಣ್ಣಿನಲ್ಲಿ ಎಂದಿನಂತೆ ಕೇಳಿಸಿಕೊಳ್ಳುತ್ತಿತ್ತು. ಗಂಡು ಬೊಂಬೆಗೆ ಬಾಯಿ ಬಂದಿತ್ತು.

ಹಣತೆಯ ಕುಡಿ. ಅರಗಿನ ಹೊಳಪಿನಲ್ಲಿ, ಸರಿಯಾಗಿ ಮೂಗಿನ ಕೆಳಗೆ, ಅದು ಸಣ್ಣಗೆ ಕೆಂಪಗೆ ಮೂಡಿತ್ತು. ಗಾಳಿಗೆ ಕುಡಿ ಉದ್ದವಾದಾಗ ಬಾಯಿ ತೆರೆಯಿತು, ಕುಗ್ಗಿದಾಗ ಮುಚ್ಚಿತು. ಮತ್ತೆ ತೆರೆಯಿತು. ಏನನ್ನೋ ಹೇಳುತ್ತಿತ್ತು. ಆ ಅನ್ನುತ್ತಿತ್ತೋ, ಈ ಅನ್ನುತ್ತಿತ್ತೋ.

ಅವನು ಪೆನ್ಸಿಲು ಹಿಡಿದು ಎದ್ದು, ಸರಿಯಾಗಿ ನೋಡಿಕೊಳ್ಳಲೆಂದು ಗೂಡಿನ ಹತ್ತಿರ ಬಗ್ಗಿದ. ಅವನ ತಲೆ ದೀಪಕ್ಕೆ ಅಡ್ಡ ಬಂತು. ಬಾಯಿ ಅಳಿಸಿ ಹೋಯಿತು. ಹಿಂದಕ್ಕೆ ಸರಿದ, ಬಾಯಿ ಬಂತು. ಬಗ್ಗಿದ, ಹೋಯಿತು.

ಮೂರು ಸಲ ಹಾಗೆ ಮಾಡಿ ನೋಡಿದ. ಆಮೇಲೆ ಹಿಂದಕ್ಕೆ ಬಂದು, ಗೋಡೆಗೆ ಒರಗಿ, ಕಾಲು ಚಾಚಿ, ಆ ಬಾಯಿ ಕಾಣುವಷ್ಟು ದೂರದಲ್ಲಿ ನೆಮ್ಮದಿಯಾಗಿ ಕೂತ. ಹಣತೆಯಲ್ಲಿ ಇನ್ನೂ ಎಣ್ಣೆಯಿತ್ತು.